ಇರುವ ಕಿಣ್ವ, ದುಡಿಯುವ ಕಿಣ್ವ

ರಕ್ತದಲ್ಲಿ ಒಂದು ಕಿಣ್ವ ಎಷ್ಟಿದೆ ಎಂಬ ಪ್ರಶ್ನೆಗೆ ಜೀವರಸಾಯನ ವಿಜ್ಞಾನವು ಬಹುಕಾಲ ಬಳಸುದಾರಿಯಲ್ಲೇ ಉತ್ತರ ಹುಡುಕಿತು. ಕಿಣ್ವವು ತನ್ನ ಮುಂದಿಟ್ಟ ವಸ್ತುವನ್ನು ಮಾರ್ಪಡಿಸುವ ವೇಗವನ್ನು ಅಳೆದು, ಆ ವೇಗದಿಂದ ಅದರ ಪ್ರಮಾಣವನ್ನು ಅಂದಾಜಿಸಲಾಗುತ್ತಿತ್ತು. 1971ರಲ್ಲಿ ಸ್ಟಾಕ್‌ಹೋಮ್ ವಿಶ್ವವಿದ್ಯಾಲಯದ ಎವಾ ಎಂಗ್ವಾಲ್ ಮತ್ತು ಪೀಟರ್ ಪರ್ಲ್‌ಮನ್ ಪ್ರಕಟಿಸಿದ ಎಲೈಸಾ ವಿಧಾನವು, ಕಿಣ್ವವನ್ನು ದುಡಿಸದೆಯೇ ಅದರ ಆಕಾರವನ್ನು ಗುರುತಿಸಿ ಅಳೆಯುವ ಮಾರ್ಗವನ್ನೂ ಸುಲಭಗೊಳಿಸಿತು.

ಇಂದು ಪ್ರಯೋಗಾಲಯಗಳು ಕೊಳ್ಳುವ ಎಲೈಸಾ ಕಿಟ್‌ನಲ್ಲಿ ಸಾಮಾನ್ಯವಾಗಿ 96 ಗುಳಿಗಳ ಪ್ಲಾಸ್ಟಿಕ್ ತಟ್ಟೆಯೊಂದಿದ್ದು, ಗುಳಿಗಳ ತಳಕ್ಕೆ ಅಂಟಿಸಿದ ಪ್ರತಿಕಾಯ, ಅಂದರೆ ನಿರ್ದಿಷ್ಟ ಪ್ರೋಟೀನನ್ನು ಮಾತ್ರ ಹಿಡಿಯುವ ಅಣು, ಮಾದರಿಯಲ್ಲಿನ ಕಿಣ್ವವನ್ನು ಸೆರೆಹಿಡಿಯುತ್ತದೆ. ಎರಡನೆಯ ಪ್ರತಿಕಾಯವು ಅದೇ ಕಿಣ್ವದ ಇನ್ನೊಂದು ಮಗ್ಗುಲನ್ನು ಹಿಡಿದಾಗ, ಅದಕ್ಕೆ ಜೋಡಿಸಿದ ಪೆರಾಕ್ಸಿಡೇಸ್ ಎಂಬ ಕಿಣ್ವವು ಬಣ್ಣರಹಿತ ದ್ರಾವಣವನ್ನು ನೀಲಿಯಾಗಿಸುತ್ತದೆ. ಆಮ್ಲ ಸೇರಿಸಿದೊಡನೆ ನೀಲಿ ಹಳದಿಯಾಗುತ್ತದೆ; 450 ನ್ಯಾನೋಮೀಟರ್ ಬೆಳಕಿನಲ್ಲಿ ಅದರ ಗಾಢತೆಯನ್ನು ಓದಿ, ಪ್ರಮಾಣ ಗೊತ್ತಿರುವ ಮಾದರಿಗಳೊಂದಿಗೆ ಹೋಲಿಸಲಾಗುತ್ತದೆ. ಒಂದು ಕಿಣ್ವವನ್ನು ಎಣಿಸಲು ಇನ್ನೊಂದು ಕಿಣ್ವದ ದುಡಿಮೆಯನ್ನೇ ನೆಚ್ಚಬೇಕಾದದ್ದು ಇಲ್ಲಿನ ವಿನೋದ. ಮಾದರಿ ಕೆಡದಿರಲೆಂದು ಬೆರೆಸುವ ಸೋಡಿಯಂ ಅಜೈಡ್ ಈ ಪೆರಾಕ್ಸಿಡೇಸನ್ನು ತಡೆಯುವುದರಿಂದ ಫಲಿತಾಂಶವೇ ಹುಸಿಯಾಗಬಹುದು.

ಆದರೆ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರೆಲ್ಲ ಕೆಲಸ ಮಾಡುತ್ತಿರುತ್ತಾರೆಂದು ಹೇಳಲಾಗದು. ಅಂಗಾಂಶಗಳ ನಡುವಿನ ಪ್ರೋಟೀನ್ ಜಾಲವನ್ನು ಕತ್ತರಿಸುವ ಎಂಎಂಪಿ-9 ಎಂಬ ಕಿಣ್ವವು ಜೀವಕೋಶದಿಂದ ಹೊರಬರುವುದು ನಿಷ್ಕ್ರಿಯ ರೂಪದಲ್ಲಿ. ಅದರ ತುಣುಕೊಂದು ಕಡಿದುಹೋದ ಮೇಲಷ್ಟೇ ಅದು ಚುರುಕಾಗುತ್ತದೆ. ಅನೇಕ ಕಿಟ್‌ಗಳು ಈ ಎರಡೂ ರೂಪಗಳನ್ನು ಒಟ್ಟಿಗೇ ಲೆಕ್ಕ ಹಾಕುತ್ತವೆ. ಮಾದರಿಯ ಆಯ್ಕೆಯೂ ಅಂಕಿಯನ್ನು ಬದಲಿಸುತ್ತದೆ: ರಕ್ತ ಹೆಪ್ಪುಗಟ್ಟುವಾಗ ಬಿಳಿರಕ್ತಕಣಗಳು ಎಂಎಂಪಿ-9ನ್ನು ಹೊರಚೆಲ್ಲುವುದರಿಂದ, ಹೆಪ್ಪುಗಟ್ಟಿದ ನಂತರ ಉಳಿಯುವ ಸೀರಂನಲ್ಲಿ ಅದು ಹೆಪ್ಪುಗಟ್ಟಲು ಬಿಡದೆ ಬೇರ್ಪಡಿಸಿದ ಪ್ಲಾಸ್ಮಾದಲ್ಲಿರುವುದಕ್ಕಿಂತ ಹೆಚ್ಚು ಕಾಣುತ್ತದೆ.

ಹೀಗೆ ದುಡಿಯದ ಕಿಣ್ವವನ್ನೂ ಎಣಿಸುವುದನ್ನು ವಿಧಾನದ ದೋಷವೆಂದು ತಳ್ಳಿಹಾಕುವುದೂ ಅವಸರದ ಮಾತಾದೀತು. ಪ್ರಾಸ್ಟೇಟ್ ತಪಾಸಣೆಯ ಪಿಎಸ್‌ಎ ಕೂಡ ಮೂಲತಃ ವೀರ್ಯವನ್ನು ತೆಳುವಾಗಿಸುವ ಕಿಣ್ವವೇ; ರಕ್ತಕ್ಕೆ ಬಂದಾಗ ಅದರ ಬಹುಪಾಲು ತಡೆಪ್ರೋಟೀನ್‌ಗೆ ಬಿಗಿದುಕೊಂಡು ಕೆಲಸ ನಿಲ್ಲಿಸಿರುತ್ತದೆ. ಚಟುವಟಿಕೆಯನ್ನೇ ಅಳೆಯಹೊರಟರೆ ಅಲ್ಲಿ ಹೆಚ್ಚೇನೂ ಸಿಗದು. ವೈದ್ಯರಿಗೆ ನೆರವಾಗುವುದು ಪ್ರತಿಕಾಯದ ಎಣಿಕೆಯೇ.

ಆದ್ದರಿಂದ ಕಿಟ್‌ನ ಕೈಪಿಡಿಯಲ್ಲಿ ಮೊದಲು ಓದಬೇಕಾದದ್ದು ಅದು ಎಷ್ಟು ಸೂಕ್ಷ್ಮ ಎಂಬ ಹೊಗಳಿಕೆಯನ್ನಲ್ಲ, ಅದರ ಪ್ರತಿಕಾಯಗಳು ಕಿಣ್ವದ ಯಾವ ರೂಪವನ್ನು ಗುರುತಿಸುತ್ತವೆ ಎಂಬ ಸಾಲನ್ನು. ಎಲೈಸಾ ಕೊಡುವುದು ಮಿಲಿಲೀಟರಿಗೆ ಇಷ್ಟು ನ್ಯಾನೋಗ್ರಾಂ ಎಂಬ ತೂಕ. ಚಟುವಟಿಕೆಯ ಯೂನಿಟ್ ಹೇಳುವುದು ನಿಮಿಷಕ್ಕೆ ಇಷ್ಟು ವಸ್ತು ಮಾರ್ಪಟ್ಟಿತೆಂಬ ವೇಗ. ಕಿಣ್ವದ ಎಷ್ಟು ಪಾಲು ಚುರುಕಾಗಿದೆ ಎಂದು ತಿಳಿಯದೆ ಒಂದನ್ನು ಇನ್ನೊಂದಕ್ಕೆ ಪರಿವರ್ತಿಸಲಾಗದು.