ಸ್ಕ್ರೂಡ್ರೈವರ್ ಆಮೇಲೆ, ಮೊದಲು ಸೆಲ್ ನೋಡಿ

ಹಳೇ ಡಿಜಿಟಲ್ ಕ್ಯಾಮೆರಾಗಳಿಗೆ ಮತ್ತೆ ಶುಕ್ರದೆಸೆ ಬಂದಿದೆ. ಮನೆಯ ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದವು ಈಗ ಹಾಸ್ಟೆಲಿಗೆ ಬಂದು ಫೆಸ್ಟ್‌ಗಳಲ್ಲಿ ಓಡಾಡ್ತಿವೆ. (ಫೋಟೋ ಮಸುಕಾಗಿ ಬಂದರೆ ಈಗ ಅದನ್ನೇ 'ವೈಬ್' ಅಂತಾರೆ, ಇರಲಿ.) ಆದರೆ ಎಷ್ಟೋ ಸಲ ಬಟನ್ ಒತ್ತಿದ ಕೂಡಲೇ ಲೆನ್ಸ್ ಅರ್ಧ ಹೊರಗೆ ಬಂದು, ಬೀಪ್ ಬೀಪ್ ಅಂದು, 'ಲೆನ್ಸ್ ಎರರ್' ತೋರಿಸಿ ಆಫ್ ಆಗ್ಬಿಡುತ್ತೆ. ಆಗ ನಮ್ಮ ಇಂಜಿನಿಯರ್ ಸಮೂಹಕ್ಕೆ ಹೊಳೆಯೋದು ಎರಡೇ ದಾರಿ: 'ಹೋಯ್ತು ಮಗಾ, ಬಿಸಾಕು' ಅನ್ನೋದು, ಇಲ್ಲಾ ಸ್ಕ್ರೂಡ್ರೈವರ್ ಹುಡುಕೋದು. ಎರಡೂ ಅವಸರದ ಕೆಲಸ ಅನ್ನೋದು ನಮ್ಮ ವಾದ.

ಎಎ ಸೆಲ್ ಹಾಕುವ ಕ್ಯಾಮೆರಾವನ್ನೇ ತಗೊಳ್ಳಿ. ಗೋಡೆ ಗಡಿಯಾರವನ್ನು ಆರಾಮಾಗಿ ಓಡಿಸುವ ಸೆಲ್ ಇಲ್ಲಿ ಯಾಕೆ ಸೋಲುತ್ತೆ? ಗಡಿಯಾರಕ್ಕೆ ಬೇಕಾದ ಕರೆಂಟ್ ತೀರಾ ಕಮ್ಮಿ. ಲೆನ್ಸ್ ಮೋಟಾರ್ ಮತ್ತು ಫ್ಲ್ಯಾಶ್ ಒಮ್ಮೆಲೇ ತುಂಬಾ ಎಳೆಯುತ್ತವೆ. ಸೆಲ್‌ನ ಇಂಟರ್ನಲ್ ರೆಸಿಸ್ಟೆನ್ಸ್ ಜಾಸ್ತಿಯಿದ್ದರೆ ಆ ಕ್ಷಣಕ್ಕೆ ವೋಲ್ಟೇಜ್ ಕುಸಿದು, ಮೋಟಾರ್ ನಡುದಾರಿಯಲ್ಲೇ ನಿಲ್ಲುತ್ತೆ. ಮಲ್ಟಿಮೀಟರ್ ಇಟ್ಟು ನೋಡಿದರೆ 1.5 ವೋಲ್ಟ್ ಆಸುಪಾಸು ತೋರಿಸಿ ನಮ್ಮನ್ನು ಯಾಮಾರಿಸುತ್ತೆ, ಯಾಕಂದ್ರೆ ಮೀಟರ್ ಕರೆಂಟನ್ನು ಎಳೆಯೋದೇ ಇಲ್ಲ ಅನ್ನಬಹುದು. ಅದೇ ಜಾಗಕ್ಕೆ 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜಬಲ್ ಸೆಲ್ ಹಾಕಿದರೆ ಎಷ್ಟೋ ಸಲ ಕ್ಯಾಮೆರಾ ಎದ್ದು ಕೂರುತ್ತೆ. ಥೆವೆನಿನ್ ಥಿಯರಂ ಬರೆದು ಮಾರ್ಕ್ಸ್ ತಗೊಂಡವರೇ ನಾವೆಲ್ಲ. ಅದೇ ಸರ್ಕ್ಯೂಟ್ ಕೈಯಲ್ಲಿರೋದು ಮಾತ್ರ ಕಾಣಲ್ಲ. ಹಾಗೇ ಸೆಲ್ ಕೂರುವ ಜಾಗದ ಲೋಹದ ಪಟ್ಟಿಗಳನ್ನೂ ನೋಡಿ. ಹಸಿರು, ಬಿಳಿ ಪುಡಿ ಕಟ್ಟಿದ್ದರೆ ಐಸೋಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಹತ್ತಿಯಲ್ಲಿ ಒರೆಸಿ, ಒಣಗಿಸಿ.

ಕಾರ್ಡಿನ ತಕರಾರೂ ಇಷ್ಟೇ. ಪಕ್ಕದ ಪುಟ್ಟ ಲಾಕ್ ಕೆಳಗಿಳಿದಿದ್ದರೆ ಕ್ಯಾಮೆರಾ ಅದರ ಮೇಲೆ ಏನೂ ಬರೆಯಲ್ಲ. ಎಸ್‌ಡಿಎಚ್‌ಸಿ ಮಾನದಂಡ ಬಂದದ್ದು 2006ರಲ್ಲಿ. ಅದಕ್ಕಿಂತ ಹಳೆಯ ಕ್ಯಾಮೆರಾಕ್ಕೆ ಇವತ್ತಿನ 64 ಜಿಬಿ ಕಾರ್ಡ್ ತುರುಕಿ 'ಕೆಟ್ಟಿದೆ' ಅಂದರೆ ಅದರ ತಪ್ಪೇನು, 2 ಜಿಬಿ ಕಾರ್ಡ್ ಹುಡುಕಿ. ಇನ್ನು 'ಕಾರ್ಡ್ ಎರರ್' ಬಂದ ತಕ್ಷಣ ಫಾರ್ಮ್ಯಾಟ್ ಒತ್ತಲೇಬೇಡಿ. ಒಳಗೆ ಅಜ್ಜಿಯ ಕೊನೆಯ ಫೋಟೋ ಇರಬಹುದು. ಕಾರ್ಡ್ ಹೊರತೆಗೆದು ಕಂಪ್ಯೂಟರಿಗೆ ಹಾಕಿ, ಫೋಟೋರೆಕ್ ಥರದ ಉಚಿತ ಸಾಫ್ಟ್‌ವೇರ್ ಓಡಿಸಿ, ಸಿಕ್ಕಿದ್ದನ್ನು ಬೇರೆ ಡಿಸ್ಕಿಗೆ ಉಳಿಸಿಕೊಳ್ಳಿ.

ಇಷ್ಟಾದ ಮೇಲೂ ಲೆನ್ಸ್ ಅಲುಗಾಡಲಿಲ್ಲ ಅಂದ್ರೆ ಗೋಕರ್ಣದ್ದೋ ಮಲ್ಪೆಯದ್ದೋ ಮರಳು ಸಿಕ್ಕಿರಬಹುದು. ಲೆನ್ಸನ್ನು ಕೆಳಮುಖ ಮಾಡಿ ಬ್ಲೋವರ್‌ನಿಂದ ಗಾಳಿ ಹಾಕಿ. ಕೈಯಿಂದ ಒತ್ತಿ ಒಳಗೆ ತಳ್ಳಿದರೆ ಪ್ಲಾಸ್ಟಿಕ್ ಗಿಯರ್ ಹಲ್ಲು ಮುರಿಯುತ್ತೆ, ಆಮೇಲೆ ಯಾರೂ ಏನೂ ಮಾಡೋಕಾಗಲ್ಲ.

ಮುಚ್ಚಳ ಬಿಚ್ಚೋ ಧೀರರಿಗೆ ಒಂದು ಮಾತು. ಫ್ಲ್ಯಾಶ್‌ನ ಕೆಪಾಸಿಟರ್‌ನಲ್ಲಿ ಸುಮಾರು 300 ವೋಲ್ಟ್ ಇರುತ್ತೆ. ಸೆಲ್ ತೆಗೆದರೂ ಆ ಚಾರ್ಜ್ ತುಂಬಾ ಹೊತ್ತು ಉಳಿಯುತ್ತೆ. ಅದನ್ನು ರೆಸಿಸ್ಟರ್ ಮೂಲಕ ಡಿಸ್ಚಾರ್ಜ್ ಮಾಡೋದು, ಮೀಟರಿನಲ್ಲಿ ಖಾತ್ರಿ ಮಾಡ್ಕೊಳ್ಳೋದು ಗೊತ್ತಿಲ್ಲದಿದ್ದರೆ ಬಿಚ್ಚಬೇಡಿ. ಇಲ್ಲಿ ಧೈರ್ಯಕ್ಕೆ ಬೆಲೆ ಇಲ್ಲ. ಬಿಚ್ಚಿದರೂ ಫಲವಿಲ್ಲದ ಕೇಸ್‌ಗಳೂ ಇವೆ. ಬಿಸಿ ಮತ್ತು ತೇವಕ್ಕೆ ಸಿಸಿಡಿ ಸೆನ್ಸರ್‌ಗಳು ಕೆಡುತ್ತಿವೆ ಅಂತ 2005ರಲ್ಲಿ ಹಲವು ಕಂಪನಿಗಳೇ ಒಪ್ಪಿಕೊಂಡು ಉಚಿತ ರಿಪೇರಿ ಘೋಷಿಸಿದ್ದವು. ಆ ಕಾಲದ ಕ್ಯಾಮೆರಾದಲ್ಲಿ ಮೆನು ಸರಿಯಾಗಿ ಕಂಡು, ಚಿತ್ರ ಮಾತ್ರ ನೇರಳೆಯಾಗಿಯೋ ಕಪ್ಪಾಗಿಯೋ ಬಂದರೆ ಸೆನ್ಸರ್ ಮೇಲೆ ಅನುಮಾನ ಇರಲಿ.

ನಮ್ಮ ತಕರಾರು ಕ್ಯಾಮೆರಾ ಮೇಲಲ್ಲ, ಲ್ಯಾಬ್ ಮೇಲೆ. ಅಲ್ಲಿ ಕಿಟ್ ಕೆಟ್ಟರೆ 'ನಾಟ್ ವರ್ಕಿಂಗ್' ಚೀಟಿ ಅಂಟಿಸಿ ಮೂಲೆಗೆ ಸೇರಿಸ್ತಾರೆ, ನಮಗೆ ಪಕ್ಕದ ಟೇಬಲ್ ತೋರಿಸ್ತಾರೆ. ರೀಡಿಂಗ್ ಬಂದರೆ ಮಾರ್ಕ್ಸ್. ಯಾಕೆ ಬರಲಿಲ್ಲ ಅಂತ ಕಂಡುಹಿಡಿದವರಿಗೆ ಏನೂ ಇಲ್ಲ. ಆ ಮೂಲೆಯ ಕಪಾಟಿನ ಬೀಗದ ಕೈಯನ್ನು ವಾರಕ್ಕೊಂದು ಮಧ್ಯಾಹ್ನ, ಒಬ್ಬ ಲ್ಯಾಬ್ ಇನ್‌ಸ್ಟ್ರಕ್ಟರ್ ಜೊತೆಗಿದ್ದು, ನಮಗೆ ಕೊಡಿ ಅಂತ ಕೇಳ್ತಿದ್ದೀವಿ. ಸೆಲ್ಲು, ಹತ್ತಿ, ಮೀಟರು ನಾವೇ ತರ್ತೀವಿ.