ಹಕ್ಕಿನ ಪತ್ರಕ್ಕೆ ವಿಳಂಬ, ತಪ್ಪಿನ ದಂಡಕ್ಕೆ ಬಿಗಿ: ಸಂಸತ್ತಿನ ಎರಡು ಚರ್ಚೆಗಳು ಮತ್ತು ನಮ್ಮ ಹೊಣೆ



ಸಂಸತ್ತಿನಲ್ಲಿ ನಡೆಯುವ ಚರ್ಚೆಗಳು ದೆಹಲಿಗೆ ಸೇರಿದವು, ಒಡೆಯರಪಾಳ್ಯ, ಲೊಕ್ಕನಹಳ್ಳಿ, ಹನೂರುಗಳ ನಿತ್ಯಜೀವನಕ್ಕೂ ಅವುಗಳಿಗೂ ಸಂಬಂಧವಿಲ್ಲ ಎಂಬ ಭಾವನೆ ನಮ್ಮಲ್ಲಿ ಅನೇಕರಿಗೆ ಇದೆ. ಪಾಸ್‌ಪೋರ್ಟ್ ನೀಡಿಕೆಯಲ್ಲಿನ ವಿಳಂಬ ಮತ್ತು ಮದ್ಯಪಾನ ಮಾಡಿ ವಾಹನ ಚಲಾಯಿಸುವವರಿಗೆ ವಿಧಿಸುವ ಶಿಕ್ಷೆ, ಇವೆರಡೂ ಸದನಗಳಲ್ಲಿ ಮತ್ತೆ ಮತ್ತೆ ಪ್ರಸ್ತಾಪವಾಗಿರುವ ವಿಷಯಗಳು. ಒಂದು ವಿದೇಶಾಂಗ ಸಚಿವಾಲಯದ್ದು, ಇನ್ನೊಂದು ಸಾರಿಗೆ ಸಚಿವಾಲಯದ್ದು. ಮೇಲ್ನೋಟಕ್ಕೆ ಒಂದಕ್ಕೊಂದು ನಂಟಿಲ್ಲ. ಆದರೆ ಒಂದೇ ಮನೆಯ ಬಾಳಿನಲ್ಲಿ ಇವೆರಡೂ ಹೇಗೆ ಗಂಟುಬೀಳುತ್ತವೆ ಎಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ಶಿವರಾತ್ರಿ ಕಳೆದ ಕೆಲವು ದಿನಗಳ ಮೇಲೆ ಸಮೀಪದ ಹಳ್ಳಿಯ ತಾಯಿಯೊಬ್ಬರು ತಮ್ಮ ಮಗನೊಂದಿಗೆ ಶ್ರೀಮಠದ ಕಚೇರಿಗೆ ಬಂದರು. ಮಗನಿಗೆ ಗಲ್ಫ್ ದೇಶವೊಂದರಲ್ಲಿ ಚಾಲಕನ ಕೆಲಸ ಗೊತ್ತಾಗಿತ್ತು. ಪಾಸ್‌ಪೋರ್ಟಿಗೆ ಅರ್ಜಿ ಹಾಕಿ ತಿಂಗಳುಗಳು ಕಳೆದಿದ್ದವು. “ಸ್ವಾಮಿ, ನನ್ನ ಮಗ ಕಳ್ಳನೂ ಅಲ್ಲ, ಕೊಲೆಗಾರನೂ ಅಲ್ಲ. ಅವನ ಕಾಗದ ಯಾಕೆ ಬರ್ತಿಲ್ಲ?” ಎಂದು ಆ ತಾಯಿ ಕೇಳಿದರು. ಬಂದಿದ್ದ ಪತ್ರವನ್ನು ಓದಿದಾಗ ಕಾರಣ ತಿಳಿಯಿತು. ಎರಡು ವರ್ಷದ ಹಿಂದೆ ಸ್ನೇಹಿತನ ಮದುವೆಯ ರಾತ್ರಿ ಆತ ಕುಡಿದು ಬೈಕು ಓಡಿಸುವಾಗ ಪೊಲೀಸರ ತಪಾಸಣೆಯಲ್ಲಿ ಸಿಕ್ಕಿಬಿದ್ದಿದ್ದ. ಪ್ರಕರಣ ನ್ಯಾಯಾಲಯಕ್ಕೆ ಹೋಗಿತ್ತು. ಸಮನ್ಸ್ ಬಂದರೂ ಆತ ಹೋಗಿರಲಿಲ್ಲ. “ಆಗಲೇ ಬರೆದುಕೊಂಡು ಬಿಟ್ಟರಲ್ಲ, ಅಲ್ಲಿಗೆ ಮುಗಿಯಿತು ಅಂದುಕೊಂಡೆ” ಎಂದ. ಅದು ಮುಗಿದಿರಲಿಲ್ಲ. ಕೊನೆಗೆ ವಕೀಲರ ಮೂಲಕ ನ್ಯಾಯಾಲಯಕ್ಕೆ ಹಾಜರಾಗಿ, ತಪ್ಪೊಪ್ಪಿ, ದಂಡ ಕಟ್ಟಿ, ಆದೇಶದ ಪ್ರತಿಯನ್ನು ಸಲ್ಲಿಸಿದ. ಮರುಪರಿಶೀಲನೆಗೆ ಮತ್ತಷ್ಟು ಕಾಲ ಹಿಡಿಯಿತು. ಪಾಸ್‌ಪೋರ್ಟ್ ಕೈಗೆ ಬಂದಾಗ ಆ ಕೆಲಸ ಬೇರೊಬ್ಬರ ಪಾಲಾಗಿತ್ತು.

ಇದರಲ್ಲಿ ತಪ್ಪು ಯಾರದು? ಹುಡುಗನದೋ, ವ್ಯವಸ್ಥೆಯದೋ? ಎರಡೂ ಕಡೆಯದು ಎಂಬುದೇ ನಮ್ಮ ಅಭಿಪ್ರಾಯ. ಅದನ್ನು ಬಿಡಿಸಿ ನೋಡಬೇಕಾದರೆ ಎರಡೂ ಕಾನೂನುಗಳ ಸ್ವರೂಪವನ್ನು ಅರಿಯಬೇಕು.

ಪಾಸ್‌ಪೋರ್ಟ್ ಸರ್ಕಾರ ಮನಸ್ಸು ಬಂದರೆ ಕೊಡುವ ಕಾಣಿಕೆಯಲ್ಲ. ವಿದೇಶಕ್ಕೆ ಹೋಗುವ ಸ್ವಾತಂತ್ರ್ಯವು ಸಂವಿಧಾನದ 21ನೆಯ ವಿಧಿ ಹೇಳುವ ವೈಯಕ್ತಿಕ ಸ್ವಾತಂತ್ರ್ಯದಲ್ಲಿ ಅಡಕವಾಗಿದೆ ಎಂದು ಸುಪ್ರೀಂ ಕೋರ್ಟ್ 1967ರ ಏಪ್ರಿಲ್‌ನಲ್ಲಿ ಸತ್ವಂತ್ ಸಿಂಗ್ ಪ್ರಕರಣದಲ್ಲಿ ಹೇಳಿತು. ಅಲ್ಲಿಯವರೆಗೆ ಈ ವಿಷಯಕ್ಕೆ ಸರಿಯಾದ ಕಾನೂನೇ ಇರಲಿಲ್ಲ. ಆ ತೀರ್ಪಿನ ಫಲವಾಗಿ ಅದೇ ವರ್ಷ ಪಾಸ್‌ಪೋರ್ಟ್ ಕಾಯ್ದೆ ಬಂದಿತು. 1978ರ ಮೇನಕಾ ಗಾಂಧಿ ಪ್ರಕರಣದ ತೀರ್ಪು ಈ ಹಕ್ಕನ್ನು ಇನ್ನಷ್ಟು ಗಟ್ಟಿಗೊಳಿಸಿತು. ಪಾಸ್‌ಪೋರ್ಟ್ ನಿರಾಕರಿಸುವುದಾದರೆ ಅಧಿಕಾರಿಯು ಕಾರಣವನ್ನು ಲಿಖಿತವಾಗಿ ದಾಖಲಿಸಬೇಕು, ಅರ್ಜಿದಾರನಿಗೆ ಮೇಲ್ಮನವಿಯ ಅವಕಾಶವೂ ಇದೆ.

ಕಾಗದದ ಮೇಲಿನ ಈ ಹಕ್ಕು ನಮ್ಮ ಜಿಲ್ಲೆಯವರ ಕೈಗೆ ಎಟುಕಲು ಬಹುಕಾಲ ಬೇಕಾಯಿತು. ಬಹಳ ವರ್ಷಗಳ ಕಾಲ ಹನೂರಿನ ಕಡೆಯವರು ಪಾಸ್‌ಪೋರ್ಟಿಗಾಗಿ ಬೆಂಗಳೂರಿಗೇ ಅಲೆಯಬೇಕಿತ್ತು. ಒಂದು ಕಾಗದ ಕಡಿಮೆಯಾದರೆ ಮತ್ತೊಂದು ದಿನದ ಕೂಲಿ, ಮತ್ತೊಂದು ಬಸ್ಸಿನ ಖರ್ಚು. 2017ರ ಜನವರಿ 25ರಂದು ಅಂಚೆ ಕಚೇರಿ ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ಪ್ರಯೋಗ ಆರಂಭವಾದದ್ದು ಮೈಸೂರು ಮತ್ತು ಗುಜರಾತಿನ ದಾಹೋದ್‌ನಲ್ಲಿ. ಇಂದು ದೇಶದಲ್ಲಿ ಇಂತಹ ಕೇಂದ್ರಗಳು ನಾನೂರನ್ನು ಮೀರಿವೆ. ಅರ್ಜಿ ಸಲ್ಲಿಸುವ ಹೊರೆ ನಿಜವಾಗಿಯೂ ಹಗುರವಾಗಿದೆ, ಇದನ್ನು ಮೆಚ್ಚಲೇಬೇಕು.

ಹಾಗಾದರೆ ವಿಳಂಬ ಎಲ್ಲಿ? ಮುಖ್ಯವಾಗಿ ಎರಡು ಕಡೆ. ಮೊದಲನೆಯದು ಪೊಲೀಸ್ ಪರಿಶೀಲನೆ. ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ್ದು, ಪೊಲೀಸು ರಾಜ್ಯದ್ದು. ಹೀಗಾಗಿ ಸದನದಲ್ಲಿ ಉತ್ತರ ಕೊಡುವವರು ಒಬ್ಬರಾದರೆ, ವರದಿ ಬರೆಯುವವರು ಮತ್ತೊಬ್ಬರು. ಓದಲೆಂದೋ ದುಡಿಮೆಗೆಂದೋ ಮೈಸೂರು, ಬೆಂಗಳೂರುಗಳಲ್ಲಿ ಬಾಡಿಗೆ ಮನೆಯಲ್ಲಿರುವ ನಮ್ಮ ಮಕ್ಕಳಿಗೆ ಊರಿನದೊಂದು, ನಗರದ್ದೊಂದು ಎಂದು ಎರಡು ಠಾಣೆಗಳ ಪರಿಶೀಲನೆ ಬೇಕಾಗುವುದುಂಟು. ಎರಡನೆಯದು ಹೆಸರಿನ ಗೊಂದಲ. ನಮ್ಮ ಸೀಮೆಯಲ್ಲಿ ಮನೆಗೊಬ್ಬ ಮಹದೇವಸ್ವಾಮಿ ಇದ್ದಾನೆ. ಆಧಾರ್‌ನಲ್ಲಿ ಆ ಹೆಸರು ಕೂಡಿಕೊಂಡಿರುತ್ತದೆ, ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಡೆದುಕೊಂಡಿರುತ್ತದೆ, ಇಂಗ್ಲಿಷಿನಲ್ಲಿ ಒಂದು ಕಡೆ ಕೊನೆಗೆ ‘ಐ’, ಇನ್ನೊಂದು ಕಡೆ ‘ವೈ’. ಊರಿನ ಹೆಸರು, ತಂದೆಯ ಹೆಸರುಗಳ ಮೊದಲಕ್ಷರವನ್ನಷ್ಟೇ ಇಟ್ಟುಕೊಂಡು ಬಾಳಿದ ನಮಗೆ, ಪೂರ್ಣ ಹೆಸರನ್ನೇ ಕೇಳುವ ಪಾಸ್‌ಪೋರ್ಟ್ ತೊಡಕಾಗುತ್ತದೆ. ಇದು ಯಾರ ದುರುದ್ದೇಶವೂ ಅಲ್ಲ, ಆದರೆ ತಿಂಗಳುಗಳನ್ನು ನುಂಗುತ್ತದೆ.

ಪಾಸ್‌ಪೋರ್ಟಿನ ಮಾತು ಬಂದಾಗ ನಮ್ಮ ನೆರೆಯವರನ್ನು ಮರೆಯುವಂತಿಲ್ಲ. ಒಡೆಯರಪಾಳ್ಯದ ಟಿಬೆಟನ್ ಶಿಬಿರವಾದ ಧೊಂಡೆನ್‌ಲಿಂಗ್ 1970ರ ದಶಕದಿಂದ ನಮ್ಮೊಡನಿದೆ. ಅದೇ ಮಣ್ಣಿನಲ್ಲಿ ಮುಸುಕಿನ ಜೋಳ ಬೆಳೆದು, ನಮ್ಮ ಸಂತೆಗಳಲ್ಲಿ ವ್ಯಾಪಾರ ಮಾಡಿ, ಕನ್ನಡ ಕಲಿತವರು ಅವರು. 1950ರ ಜನವರಿ 26ರಿಂದ 1987ರ ಜುಲೈ 1ರ ಮುನ್ನ ಭಾರತದಲ್ಲಿ ಹುಟ್ಟಿದವರು ಜನ್ಮತಃ ಭಾರತೀಯರು ಎಂದು ಪೌರತ್ವ ಕಾಯ್ದೆ ಸ್ಪಷ್ಟವಾಗಿ ಹೇಳಿದ್ದರೂ, ಆ ಅವಧಿಯಲ್ಲಿ ಇಲ್ಲಿಯೇ ಹುಟ್ಟಿದ ಟಿಬೆಟನ್ನರಿಗೆ ಪಾಸ್‌ಪೋರ್ಟ್ ಸಿಗುತ್ತಿರಲಿಲ್ಲ. 2010ರಲ್ಲಿ ದೆಹಲಿ ಹೈಕೋರ್ಟ್, 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಅವರ ಪರವಾಗಿ ತೀರ್ಪು ನೀಡಿದವು. 2016ರಲ್ಲಿ ದೆಹಲಿ ಹೈಕೋರ್ಟ್ ಮತ್ತೊಮ್ಮೆ ಹೇಳಬೇಕಾಯಿತು. ಅಂತಹ ಅರ್ಜಿಗಳನ್ನು ಪರಿಗಣಿಸುವಂತೆ ವಿದೇಶಾಂಗ ಸಚಿವಾಲಯ ಸೂಚನೆ ಕೊಟ್ಟದ್ದು 2017ರಲ್ಲಿ. ಕಾನೂನು ಸ್ಪಷ್ಟವಾಗಿದ್ದರೂ ನ್ಯಾಯಾಲಯದ ಮೆಟ್ಟಿಲನ್ನು ಮೂರು ಬಾರಿ ಹತ್ತಬೇಕಾದರೆ, ಆ ಹಕ್ಕಿಗೆ ಏನು ಬೆಲೆ ಉಳಿಯಿತು? ತಡವಾಗಿ ಬಂದ ಹಕ್ಕು, ಹೊತ್ತು ಮೀರಿ ಬಡಿಸಿದ ಪ್ರಸಾದದಂತೆ. ಹಸಿದವನು ಆಗಲೇ ಎದ್ದು ಹೋಗಿರುತ್ತಾನೆ.

ಇನ್ನು ಎರಡನೆಯ ಚರ್ಚೆ. ಮೋಟಾರು ವಾಹನ ತಿದ್ದುಪಡಿ ಮಸೂದೆಯನ್ನು ಲೋಕಸಭೆ 2017ರ ಏಪ್ರಿಲ್‌ನಲ್ಲಿಯೇ ಅಂಗೀಕರಿಸಿತ್ತು. ಅದು ರಾಜ್ಯಸಭೆಯಲ್ಲಿ ನಿಂತು, ಲೋಕಸಭೆಯ ವಿಸರ್ಜನೆಯೊಂದಿಗೆ ಬಿದ್ದುಹೋಯಿತು. 2019ರ ಜುಲೈನಲ್ಲಿ ಸಾರಿಗೆ ಸಚಿವ ನಿತಿನ್ ಗಡ್ಕರಿಯವರು ಮತ್ತೆ ಮಂಡಿಸಿದಾಗ, ರಾಜ್ಯಗಳ ಅಧಿಕಾರಕ್ಕೆ ಕುಂದು ಬರುತ್ತದೆ ಎಂಬ ಆಕ್ಷೇಪದ ನಡುವೆಯೂ ಎರಡೂ ಸದನಗಳು ಒಪ್ಪಿದವು. ಆ ವರ್ಷದ ಸೆಪ್ಟೆಂಬರ್ 1ರಿಂದ ಅದರ ದಂಡದ ನಿಯಮಗಳು ಜಾರಿಗೆ ಬಂದವು. 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಮ್‌ಗಿಂತ ಹೆಚ್ಚು ಮದ್ಯಸಾರವಿದ್ದು ವಾಹನ ಓಡಿಸಿದರೆ, ಮೊದಲ ಸಲಕ್ಕೆ ಆರು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ. ಮೊದಲು ಈ ದಂಡ 2,000 ರೂಪಾಯಿಯವರೆಗೆ ಇತ್ತು. ಮರುಕಳಿಸಿದರೆ ಎರಡು ವರ್ಷದವರೆಗೆ ಸೆರೆ, 15,000 ರೂಪಾಯಿ ದಂಡ. ಚಾಲನಾ ಪರವಾನಗಿಯೂ ಅಮಾನತಾಗಬಹುದು.

ಶಿಕ್ಷೆ ಬಿಗಿಯಾದದ್ದನ್ನು ನಾವು ಸ್ವಾಗತಿಸುತ್ತೇವೆ. ಕೌದಳ್ಳಿ ದಾಟಿ ತಾಳಬೆಟ್ಟದಿಂದ ಮಲೆ ಮಹದೇಶ್ವರನ ಬೆಟ್ಟ ಹತ್ತುವ ಘಟ್ಟದ ತಿರುವುಗಳನ್ನು ಬಲ್ಲವರಿಗೆ ಕಾರಣವನ್ನು ವಿವರಿಸಬೇಕಿಲ್ಲ. ಶಿವರಾತ್ರಿ, ಯುಗಾದಿ, ದೀಪಾವಳಿಗಳಲ್ಲಿ ರಾತ್ರಿಯೆಲ್ಲ ರಸ್ತೆಯಂಚಿನಲ್ಲಿ ಪಾದಯಾತ್ರಿಗಳು ನಡೆಯುತ್ತಾರೆ. ಅವರಲ್ಲಿ ಮಕ್ಕಳಿದ್ದಾರೆ, ಮುದುಕರಿದ್ದಾರೆ. ಕುಡಿದವನು ತನ್ನ ಪ್ರಾಣವನ್ನಷ್ಟೇ ಒತ್ತೆಯಿಡುವುದಿಲ್ಲ.

ಆದರೆ ದಂಡ ಹೆಚ್ಚಿದ ಮಾತ್ರಕ್ಕೆ ಸಾವು ತಗ್ಗಲಿಲ್ಲ ಎಂಬುದೂ ಸತ್ಯ. ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕದಂತೆ 2019ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,51,113 ಮಂದಿ. 2022ರಲ್ಲಿ 1,68,491 ಮಂದಿ. ಇವರೆಲ್ಲ ಮದ್ಯದಿಂದ ಸತ್ತವರಲ್ಲ, ಅತಿವೇಗವೇ ದೊಡ್ಡ ಕಾರಣ. ಆದರೂ ಶಾಸನದ ಅಕ್ಷರ ಬಿಗಿಯಾದಷ್ಟು ಮನುಷ್ಯನ ನಡತೆ ಬಿಗಿಯಾಗಲಿಲ್ಲ ಎಂಬುದನ್ನು ಈ ಅಂಕಿಗಳು ತೋರಿಸುತ್ತವೆ. ಪಾನನಿರೋಧಕ್ಕೆ ಯತ್ನಿಸಬೇಕೆಂದು ಸಂವಿಧಾನದ 47ನೆಯ ವಿಧಿ ಸರ್ಕಾರಕ್ಕೆ ನಿರ್ದೇಶಿಸುತ್ತದೆ. ಅದೇ ಸರ್ಕಾರಕ್ಕೆ ಅಬಕಾರಿಯು ವರಮಾನದ ದೊಡ್ಡ ಮೂಲ. ಒಂದು ಕೈಯಲ್ಲಿ ಮಾರಾಟದ ಪರವಾನಗಿ, ಇನ್ನೊಂದು ಕೈಯಲ್ಲಿ ದಂಡದ ರಸೀದಿ ಹಿಡಿದ ವ್ಯವಸ್ಥೆಯಿಂದ ಪೂರ್ಣ ಪರಿಹಾರವನ್ನು ನಿರೀಕ್ಷಿಸಲಾಗದು.

ಈಗ ಆ ತಾಯಿಯ ಪ್ರಶ್ನೆಗೆ ಮರಳೋಣ. ಪಾಸ್‌ಪೋರ್ಟ್ ಕಾಯ್ದೆಯ 6ನೆಯ ಸೆಕ್ಷನ್ನಿನಂತೆ, ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣ ಬಾಕಿಯಿದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಕುಡಿದು ವಾಹನ ಓಡಿಸಿದ ಪ್ರಕರಣವೂ ನ್ಯಾಯಾಲಯಕ್ಕೆ ಹೋಗುವಂಥದ್ದೇ. ಇಲ್ಲಿ ಒಂದು ಸೂಕ್ಷ್ಮವಿದೆ: ದಂಡ ಕಟ್ಟಿ ಮುಗಿದ ಪ್ರಕರಣ ಸಾಮಾನ್ಯವಾಗಿ ಅಡ್ಡಿಯಾಗದು, ಮುಗಿಸದೆ ಬಿಟ್ಟ ಪ್ರಕರಣ ಅಡ್ಡಿಯಾಗುತ್ತದೆ. ಪ್ರಕರಣ ಇನ್ನೂ ನಡೆಯುತ್ತಿದ್ದರೂ, 1993ರ ಆಗಸ್ಟ್ 25ರ ಅಧಿಸೂಚನೆಯಂತೆ ನ್ಯಾಯಾಲಯದ ಅನುಮತಿ ಪಡೆದು ಸೀಮಿತ ಅವಧಿಯ ಪಾಸ್‌ಪೋರ್ಟ್ ಪಡೆಯಲು ದಾರಿಯಿದೆ. ಇದನ್ನು ಬಿಟ್ಟು, ಪ್ರಕರಣವನ್ನು ಮುಚ್ಚಿಟ್ಟು ಅರ್ಜಿ ತುಂಬುವುದು ಎರಡು ವರ್ಷದವರೆಗೆ ಸೆರೆವಾಸ ತರಬಹುದಾದ ಬೇರೊಂದು ಅಪರಾಧ. ದಲ್ಲಾಳಿಗಳ ಮಾತು ಕೇಳಿ ಯಾರೂ ಆ ಹಳ್ಳಕ್ಕೆ ಬೀಳಬಾರದು.

ಈ ಎಲ್ಲದರಿಂದ ನಾವು ಮನಗಾಣಬೇಕಾದದ್ದು ಒಂದೇ. ಕಾನೂನಿನ ಬೆಲೆ ಅದು ಹೊತ್ತಿಗೆ ಸರಿಯಾಗಿ ನಡೆಯುವುದರಲ್ಲಿದೆ. ಪ್ರಜೆಯ ತಪ್ಪಿಗೆ ಸ್ಥಳದಲ್ಲಿಯೇ ಯಂತ್ರ ಹಿಡಿದು ಅಳೆಯಬಲ್ಲ ಸರ್ಕಾರ, ಪ್ರಜೆಯ ಹಕ್ಕಿನ ವಿಷಯದಲ್ಲಿಯೂ ತನ್ನ ಗಡುವನ್ನು ಅಷ್ಟೇ ಕಟ್ಟುನಿಟ್ಟಾಗಿ ಪಾಲಿಸಬೇಕು. ತಡವಾದ ಪರಿಶೀಲನಾ ವರದಿಗೆ ಯಾರು ಉತ್ತರದಾಯಿ ಎಂಬುದನ್ನು ನಮ್ಮ ಜನಪ್ರತಿನಿಧಿಗಳು ಸದನದಲ್ಲಿ ಕೇಳಬೇಕು. ಸಂಸತ್ತಿನಲ್ಲಿ ಬರಿಯ ಅಂಕಿಗಳ ಉತ್ತರ ಸಾಲದು. ಅದೇ ರೀತಿ, ಹಕ್ಕು ಕೇಳುವ ನಾವೂ ನಮ್ಮ ಪಾಲಿನ ಕರ್ತವ್ಯವನ್ನು ನಾಳೆಗೆ ದೂಡಬಾರದು. ಸಮನ್ಸ್ ಬಂದ ದಿನವೇ ಆ ಯುವಕ ನ್ಯಾಯಾಲಯಕ್ಕೆ ಹೋಗಿದ್ದರೆ ಇಂದು ಅವನ ಮನೆಯ ಒಲೆ ಬೇರೆಯಾಗಿ ಉರಿಯುತ್ತಿತ್ತು. ಆ ರಾತ್ರಿ ಬೈಕಿನ ಕೀಲಿಯನ್ನು ಬೇರೆಯವರ ಕೈಗೆ ಕೊಟ್ಟಿದ್ದರೆ ಸಮನ್ಸೇ ಬರುತ್ತಿರಲಿಲ್ಲ. ನುಡಿದಂತೆ ನಡೆಯಬೇಕೆಂಬ ಶರಣರ ನಿಲುವು ಆಳುವವರಿಗೂ ಅನ್ವಯಿಸುತ್ತದೆ, ಆಳಿಸಿಕೊಳ್ಳುವವರಿಗೂ ಅನ್ವಯಿಸುತ್ತದೆ.

ಆದ್ದರಿಂದ ಭಕ್ತಾದಿಗಳಲ್ಲಿ ನಮ್ಮ ಬಿನ್ನಹಗಳು ಇವು. ಮನೆಯ ಮಕ್ಕಳ ಹೆಸರು, ಹುಟ್ಟಿದ ದಿನಾಂಕಗಳನ್ನು ಎಲ್ಲ ದಾಖಲೆಗಳಲ್ಲಿ ಒಂದೇ ಬಗೆಯಾಗಿ ಇರಿಸಿಕೊಳ್ಳಿ. 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದ ಮಕ್ಕಳ ಪಾಸ್‌ಪೋರ್ಟಿಗೆ ಜನನ ಪ್ರಮಾಣಪತ್ರವೇ ಬೇಕೆಂಬ ನಿಯಮ ಬಂದಿದೆ. ಜನನ ನೋಂದಣಿಯನ್ನು ತಡಮಾಡಬೇಡಿ. ಸಂಚಾರದ ಯಾವುದೇ ಪ್ರಕರಣ ಬಾಕಿಯಿದ್ದರೆ ಅದನ್ನು ಮುಗಿಸಿಕೊಂಡೇ ಅರ್ಜಿ ಹಾಕಿ. ಮದುವೆ, ಬೀಗರೂಟ, ಜಾತ್ರೆಗಳ ನೆಪದಲ್ಲಿ ಮದ್ಯ ಹಂಚುವ ಮನೆಯ ಹಿರಿಯರು, ಆ ರಾತ್ರಿ ರಸ್ತೆಗಿಳಿಯುವ ಹುಡುಗರ ಹೊಣೆಯೂ ತಮ್ಮದೇ ಎಂಬುದನ್ನು ನೆನೆಯಿರಿ. ಅರ್ಜಿ ತುಂಬುವುದರಲ್ಲಿ, ಬಂದ ಪತ್ರವನ್ನು ಓದಿ ತಿಳಿಸುವುದರಲ್ಲಿ ನೆರವು ಬೇಕಾದವರು ಸಂಕೋಚವಿಲ್ಲದೆ ಶ್ರೀಮಠದ ಕಚೇರಿಗೆ ಬನ್ನಿ.

ಆ ಯುವಕ ಈಗ ಹನೂರಿನಲ್ಲಿ ಬಾಡಿಗೆ ವಾಹನ ಓಡಿಸುತ್ತಿದ್ದಾನೆ. ಪಾಸ್‌ಪೋರ್ಟು ತಾಯಿಯ ಪೆಟ್ಟಿಗೆಯಲ್ಲಿದೆ. ಮತ್ತೊಂದು ಕರೆ ಬಂದೀತೆಂಬ ಭರವಸೆ ಅವರಿಗಿದೆ. ಅಮಾವಾಸ್ಯೆಗೆ ಬೆಟ್ಟಕ್ಕೆ ಹೋಗುವ ಭಕ್ತರನ್ನು ಆತನೇ ಕರೆದೊಯ್ಯುತ್ತಾನೆ. ಕುಡಿದು ಬಂದವರನ್ನು ಹಿಂದಿನ ಸೀಟಿಗೂ ಹತ್ತಿಸುವುದಿಲ್ಲವಂತೆ.



— ಕಾರ್ಯದರ್ಶಿ, ಶ್ರೀಮಠ