ಘಟ್ಟ ಹತ್ತಿದ ಗ್ಯಾಸಿನ ಲೆಕ್ಕ

ಮಂಗಳೂರಿನಲ್ಲಿ ಕೊಂಡ ಚಿಪ್ಸ್ ಪೊಟ್ಟಣ ಶಿರಾಡಿ ಘಾಟಿ ಹತ್ತಿ ಸಕಲೇಶಪುರ ಮುಟ್ಟುವಷ್ಟರಲ್ಲಿ ದಿಂಬಿನಂತೆ ಉಬ್ಬಿರುತ್ತದೆ. ಒಳಗಿನ ಗಾಳಿ ಎಳ್ಳಷ್ಟೂ ಹೆಚ್ಚಿರುವುದಿಲ್ಲ. ಹೊರಗಿನ ಒತ್ತಡ ಇಳಿದಿದೆ, ಅಷ್ಟೇ. ಉಬ್ಬಿದ್ದಕ್ಕೆ ಅಂಗಡಿಯವನು ಹೆಚ್ಚು ದುಡ್ಡು ಕೇಳಿದರೆ ನಕ್ಕುಬಿಡುತ್ತೇವೆ. ಅಡುಗೆಮನೆಗೆ ಕೊಳವೆಯಲ್ಲಿ ಬರುವ ಗ್ಯಾಸಿನ ಮಟ್ಟಿಗೆ ಮಾತ್ರ ಗಾತ್ರವನ್ನೇ ಸರಕು ಎಂದು ನಂಬುತ್ತೇವೆ. ಈ ಗ್ಯಾಸಿನ ಬಿಲ್ಲಿನಲ್ಲಿ ಮೀಟರಿನ ಅಂಕಿಯ ಪಕ್ಕದಲ್ಲೇ ಊರಿನ ಎತ್ತರಕ್ಕೂ ಹವೆಗೂ ತಕ್ಕ ತಿದ್ದುಪಡಿಯ ಅಂಕಿ ಕಡ್ಡಾಯವಾಗಿ ಅಚ್ಚಾಗಬೇಕು ಎಂಬುದು ನನ್ನ ವಾದ.

ಒಂದೇ ಗಾತ್ರದ ಅನಿಲಗಳಲ್ಲಿ, ಅವು ಯಾವುವೇ ಆಗಿರಲಿ, ಅಣುಗಳ ಸಂಖ್ಯೆ ಒಂದೇ ಎಂದು ಇಟಲಿಯ ಅವೊಗ್ಯಾಡ್ರೊ 1811ರಲ್ಲಿ ಹೇಳಿದ. ಆದರೆ ಒತ್ತಡ, ಉಷ್ಣತೆ ಎರಡೂ ಸಮವಾಗಿರಬೇಕು ಎಂಬ ಷರತ್ತು ಅದಕ್ಕಿದೆ. ಪರೀಕ್ಷೆ ಮುಗಿದ ಮರುದಿನ ಮರೆತುಹೋಗುವುದು ಅದೇ. ಒಲೆಯಲ್ಲಿ ಉರಿಯುವುದು ಅಣುಗಳು, ಗಾತ್ರವಲ್ಲ. ಸಿಲಿಂಡರಿನಲ್ಲಿ ಈ ತಕರಾರಿಲ್ಲ: ತೂಗಿ ತುಂಬಿದ 14.2 ಕೆ.ಜಿ. ಉಡುಪಿಯಲ್ಲೂ ಮಡಿಕೇರಿಯಲ್ಲೂ ಅಷ್ಟೇ. ಆಟೊಗಳ ಸಿಎನ್‌ಜಿಗೂ ಕೆ.ಜಿ. ಲೆಕ್ಕವೇ. ಮನೆಯ ಮೀಟರಾದರೋ ಒಳಗಿನ ಚೀಲಗಳು ತುಂಬಿ ಬರಿದಾದಂತೆಲ್ಲ ಹಲ್ಲುಚಕ್ರ ತಿರುಗಿಸಿ ಹಾದುಹೋದ ಗಾತ್ರವನ್ನು ಎಣಿಸುತ್ತದೆ. ಚೀಲದಲ್ಲಿ ಅಣುಗಳು ಒತ್ತೊತ್ತಾಗಿದ್ದವೋ ವಿರಳವಾಗಿದ್ದವೋ, ಅದಕ್ಕೆ ತಿಳಿಯದು.

ಲೆಕ್ಕ ಹಾಕಿ ನೋಡಿ. ಪ್ರಮಾಣಿತ ಘನಮೀಟರ್ ಎಂದರೆ 15 ಡಿಗ್ರಿ ಸೆಲ್ಸಿಯಸ್, 1013 ಮಿಲಿಬಾರ್ ಒತ್ತಡದಲ್ಲಿ ಅಳೆದದ್ದು. ಮನೆಗೆ ಗ್ಯಾಸು ಬರುವುದು ಹೊರಗಿನ ಗಾಳಿಗಿಂತ ಸುಮಾರು 21 ಮಿಲಿಬಾರ್ ಹೆಚ್ಚಿನ ಒತ್ತಡದಲ್ಲಿ. ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಸುಮಾರು 910. ಎರಡೂ ಸೇರಿ 931. ಉಷ್ಣತೆ 25 ಡಿಗ್ರಿ ಎಂದು ಹಿಡಿದರೆ, ಮೀಟರಿನ ಒಂದು ಘನಮೀಟರಿನಲ್ಲಿರುವುದು ಪ್ರಮಾಣಿತ ಲೆಕ್ಕದ 0.89 ಮಾತ್ರ. ಮಂಗಳೂರಿನಲ್ಲಿ ಇದೇ ಅಂಕಿ 0.97ರ ಆಸುಪಾಸು. ಅಲ್ಲಿ ಸೆಕೆ ಕಳೆದದ್ದನ್ನು ಕಡಲಮಟ್ಟದ ಒತ್ತಡ ಒಂದಿಷ್ಟು ತುಂಬಿಕೊಡುತ್ತದೆ.

ಬಿಸಿಲು ಗಳಿಗೆಗೊಂದು ಬಗೆ, ಮನೆಮನೆಗೂ ಒತ್ತಡ-ಉಷ್ಣತೆ ಅಳೆಯುವ ಯಂತ್ರ ಕೂರಿಸಲು ಖರ್ಚೆಷ್ಟು ಎಂದು ಕೇಳಬಹುದು. ಖರ್ಚಿನ ಮಾತು ನಿಜ. ಕಾರ್ಖಾನೆಗಳಂಥ ದೊಡ್ಡ ಗಿರಾಕಿಗಳ ಮೀಟರಿಗೆ ಅಂಥ ಸಾಧನ ಜೋಡಿಸುವ ರೂಢಿಯಿದೆ, ಮನೆಗೆ ಅದು ದುಬಾರಿ. ಆದರೆ ಹತ್ತು ಡಿಗ್ರಿ ಏರಿಳಿದರೂ ಆಗುವ ವ್ಯತ್ಯಾಸ ಶೇ. 3ರಿಂದ 4. ಎತ್ತರದಿಂದ ಆಗುವುದು ಶೇ. 10ರಷ್ಟು, ಮತ್ತು ಬೆಂಗಳೂರಿನ ಎತ್ತರ ಮೇ ತಿಂಗಳಲ್ಲಿ ಒಂದು, ಡಿಸೆಂಬರಿನಲ್ಲಿ ಇನ್ನೊಂದು ಆಗುವುದಿಲ್ಲವಲ್ಲ! ಊರಿಗೊಂದು ಸ್ಥಿರ ಗುಣಕ ಸಾಕು. ಬ್ರಿಟನ್ನಿನ ಮನೆಗಳ ಬಿಲ್ಲಿನಲ್ಲಿ 1.02264 ಎಂಬ ಅಂಕಿಯಿಂದ ಗಾತ್ರವನ್ನು ಗುಣಿಸಿ ತೋರಿಸುತ್ತಾರೆ. ಅಲ್ಲಿನ ಚಳಿಗೂ ಕೊಳವೆಯ ಒತ್ತಡಕ್ಕೂ ಗ್ಯಾಸು ಒತ್ತೊತ್ತಾಗಿರುವುದರಿಂದ ಅದು ಒಂದಕ್ಕಿಂತ ಹೆಚ್ಚು. ನಮ್ಮದು ಒಂದಕ್ಕಿಂತ ಕಡಿಮೆ ಬರುತ್ತದೆ, ಬಹುಶಃ ಅದಕ್ಕೇ ಬಿಲ್ಲಿನಲ್ಲಿ ಈ ಅಂಕಿ ಕಾಣುವುದು ನಮಗೆ ಇನ್ನೂ ಹೆಚ್ಚು ಅಗತ್ಯ. ದರ ನಿಗದಿ ಮಾಡುವಾಗಲೇ ಇದನ್ನು ಸೇರಿಸಿಕೊಳ್ಳಬಹುದಲ್ಲ ಎನ್ನುವವರೂ ಇದ್ದಾರೆ. ದರದಲ್ಲಿ ಹೂತುಹೋದದ್ದನ್ನು ಗಿರಾಕಿ ಪರೀಕ್ಷಿಸುವುದು ಹೇಗೆ? ತಿದ್ದುಪಡಿ ಆಗಿದ್ದರೆ ಅಚ್ಚು ಹಾಕಲು ಒಂದು ಸಾಲು ಸಾಕು. ಆಗಿರದಿದ್ದರೆ ಬೆಂಗಳೂರಿನ ಮನೆ ಹತ್ತು ಘನಮೀಟರಿಗೆ ದುಡ್ಡು ತೆತ್ತು ಒಂಬತ್ತನ್ನೂ ಉರಿಸುತ್ತಿಲ್ಲ.